ಟ್ರಿಗರ್ ಒತ್ತುವಾಗ ಮೈ ಬೆಚ್ಚುತ್ತಾ? ಖಾಲಿ ಬಂದೂಕಿನಿಂದ ಶುರು ಮಾಡಿ

ಬಳ್ಳಾರಿಯಲ್ಲಿ ಕಾಲೇಜು ಓದುವಾಗ ಎನ್‌ಸಿಸಿ ಕ್ಯಾಂಪಿನಲ್ಲಿ ಮೊದಲ ಸಲ ಪಾಯಿಂಟ್ ಟೂ ಟೂ (.22) ಅನ್ನುವ ಸಣ್ಣ ಗುಂಡಿನ ರೈಫಲ್ ಹಿಡಿದೆ. ಸುಡುಬಿಸಿಲು, ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿದ್ದೇನೆ, 25 ಮೀಟರ್ ಆಚೆ ಟಾರ್ಗೆಟ್. ಐದು ರೌಂಡ್ ಹೊಡೆದೆ. ಐದೂ ಐದು ದಿಕ್ಕಿಗೆ ಹೋದವು. ನನ್ನ ಕಣ್ಣೇ ಸರಿಯಿಲ್ಲವೇನೋ ಅಂದುಕೊಂಡೆ. ನಮಗೆ ಕಲಿಸುತ್ತಿದ್ದ ಉಸ್ತಾದ್ ಬೈಯಲಿಲ್ಲ. ಮುಂದಿನ ಸಲ ತಾವೇ ರೈಫಲ್ ತುಂಬಿ ಕೈಗೆ ಕೊಟ್ಟರು. ನಾನು ಗುರಿ ಇಟ್ಟು ಟ್ರಿಗರ್ ಒತ್ತಿದೆ, ಟಿಕ್ ಅಂತ ಸದ್ದಾಯಿತು, ಅಷ್ಟೇ. ಒಳಗೆ ಇದ್ದದ್ದು ಹೊಡೆದು ಮುಗಿದ ಖಾಲಿ ಕೇಸು. ಆದರೆ ನಳಿಕೆ ಗಕ್ಕನೆ ಕೆಳಗೆ ಬಾಗಿತ್ತು, ನನ್ನ ಎರಡೂ ಕಣ್ಣು ಮುಚ್ಚಿದ್ದವು.

ಇದಕ್ಕೆ ಫ್ಲಿಂಚ್ ಅಂತಾರೆ. ಸೂಜಿ ಚುಚ್ಚುವ ಮೊದಲೇ ತೋಳು ಬಿಗಿಯಾಗುತ್ತದೆ ಅಲ್ವಾ, ಹಾಗೇ. ಸದ್ದು ಮತ್ತು ಒದೆತ ಬರುತ್ತದೆ ಅಂತ ಮೈಗೆ ಗೊತ್ತು, ಅದಕ್ಕೆ ಮೊದಲೇ ತಯಾರಾಗಿಬಿಡುತ್ತದೆ. ಭುಜ ಮುಂದೆ ತಳ್ಳುತ್ತದೆ, ಮುಷ್ಟಿ ಬಿಗಿಯುತ್ತದೆ, ಗುಂಡು ಹೊರಡುವಷ್ಟರಲ್ಲಿ ಗುರಿ ತಪ್ಪಿರುತ್ತದೆ. ಬಲಗೈಯಲ್ಲಿ ಪಿಸ್ತೂಲ್ ಹೊಡೆಯುವವರ ಗುಂಡುಗಳು ಮತ್ತೆ ಮತ್ತೆ ಕೆಳಗೆ, ಎಡಕ್ಕೆ ಬೀಳುತ್ತಿದ್ದರೆ ಹೆಚ್ಚಾಗಿ ಇದೇ ಕಾರಣ. ಇದು ಹೇಡಿತನ ಅಲ್ಲ. ದಯವಿಟ್ಟು ಯಾರೂ ಹಾಗೆ ಅಂದುಕೊಳ್ಳಬೇಡಿ, ಹೊಸಬರಿಗೆ ಹಾಗೆ ಹೇಳಲೂ ಬೇಡಿ. ಗಟ್ಟಿಯಾಗಿ ಹಿಡಿ, ಧೈರ್ಯ ಮಾಡು ಅಂತ ಪಕ್ಕದಲ್ಲಿ ನಿಂತು ಕೂಗಿದರೆ ಇನ್ನೂ ಜಾಸ್ತಿಯಾಗುತ್ತದೆ.

ಮೊದಲು ಕಿವಿ ನೋಡಿಕೊಳ್ಳಿ. ಅರ್ಧ ಬೆಚ್ಚುವಿಕೆ ಸದ್ದಿನದ್ದೇ. ಕ್ವಾರಿ ಬ್ಲಾಸ್ಟಿಂಗ್ ಕೇಳಿ ಬೆಳೆದ ನಮ್ಮ ಕಡೆಯ ಹುಡುಗರು 'ನಮಗೆ ಸದ್ದು ರೂಢಿ' ಅಂತಾರೆ. ಆ ಸದ್ದು ಗುಡ್ಡದ ಆಚೆಯದು, ಇದು ಕೆನ್ನೆಯ ಪಕ್ಕದ್ದು. ಕಿವಿಯೊಳಗೆ ಇಯರ್ ಪ್ಲಗ್, ಅದರ ಮೇಲೆ ಇಯರ್ ಮಫ್, ಎರಡೂ ಹಾಕಿ. ಕಣ್ಣಿಗೆ ಕನ್ನಡಕ. ಇಷ್ಟಕ್ಕೇ ಎಷ್ಟೋ ಜನರ ಕೈ ನಿಲ್ಲುವುದನ್ನು ನೋಡಿದ್ದೇನೆ.

ಇನ್ನೊಂದು ಮಾತು, ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬಂದೂಕು ಯಾವಾಗಲೂ ತುಂಬಿದೆ ಅಂತಲೇ ತಿಳಿಯಿರಿ, ನಳಿಕೆ ಯಾರ ಕಡೆಗೂ ತಿರುಗಬಾರದು, ಗುರಿ ಕೂರುವವರೆಗೆ ಬೆರಳು ಟ್ರಿಗರ್‌ನ ಹೊರಗಿರಲಿ. ಲೈಸೆನ್ಸ್ ಇದೆ ಅಂತ ಹೊಲದಲ್ಲೋ ಗುಡ್ಡದಲ್ಲೋ ಪ್ರಾಕ್ಟೀಸ್ ಮಾಡಬೇಡಿ. ಕೊಪ್ಪಳ, ಬಳ್ಳಾರಿ ಕಡೆ ಎಲ್ಲಿ ನೋಡಿದರೂ ಬಂಡೆ, ಬಂಡೆಗೆ ಬಡಿದ ಗುಂಡು ಯಾವ ಕಡೆ ಚಿಮ್ಮುತ್ತದೆ ಅಂತ ಹೇಳೋಕಾಗಲ್ಲ, ಮತ್ತೆ ಸಣ್ಣದು ಅನ್ನುವ ಪಾಯಿಂಟ್ ಟೂ ಟೂ ಗುಂಡು ಕೂಡ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಎನ್‌ಸಿಸಿ, ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ, ಇಲ್ಲವೇ ರೈಫಲ್ ಕ್ಲಬ್, ಹೀಗೆ ಕಲಿಸುವವರು ಪಕ್ಕದಲ್ಲಿರುವ ಕಡೆ ಮಾತ್ರ ಹೊಡೆಯಿರಿ.

ಈಗ ಅಸಲಿ ಔಷಧ: ಖಾಲಿ ಬಂದೂಕು. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಬೋಲ್ಟ್ (ಗುಂಡು ತುಂಬುವ ಜಾಗ ಮುಚ್ಚುವ ಭಾಗ) ಹಿಂದಕ್ಕೆ ತೆರೆದು ಒಳಗೆ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಮತ್ತೊಮ್ಮೆ ನೋಡಿ. ಗಟ್ಟಿ ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು ಅದಕ್ಕೆ ಗುರಿ ಹಿಡಿದು ಟ್ರಿಗರ್ ಒತ್ತಿ. ಪಾಯಿಂಟ್ ಟೂ ಟೂ ಆದರೆ ಒಳಗೆ ಡಮ್ಮಿ ರೌಂಡ್, ಅಂದರೆ ಮದ್ದಿಲ್ಲದ ನಕಲಿ ಗುಂಡು, ಇರಬೇಕು, ಇಲ್ಲದಿದ್ದರೆ ಗುಂಡಿಗೆ ಬಡಿಯುವ ಫೈರಿಂಗ್ ಪಿನ್, ಗುಂಡು ಕೂರುವ ಚೇಂಬರಿನ ಅಂಚಿಗೆ ಬಡಿದು ಎರಡೂ ಹಾಳಾಗಬಹುದು. ಸ್ಪ್ರಿಂಗ್ ಏರ್ ಗನ್ ಅನ್ನು ಮಾತ್ರ ಪೆಲೆಟ್ ಇಲ್ಲದೆ ಹೊಡೆಯಲೇಬೇಡಿ, ಒಳಗಿನ ಪಿಸ್ಟನ್ ನೇರ ಹೋಗಿ ಗುದ್ದುತ್ತದೆ.

ಒತ್ತುವುದು ಹೇಗೆ? ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರನ್ನು ನೋಡಿ. ಕಣ್ಣು ಹೊಲಿಗೆಯ ಮೇಲೆ, ಪೆಡಲ್ ಒತ್ತುವ ಕಾಲು ತನ್ನ ಪಾಡಿಗೆ ಒಂದೇ ಸಮ ಇಳಿಯುತ್ತಿರುತ್ತದೆ. ದಪ್ಪ ಬಟ್ಟೆಗೆ ಪೆಡಲ್ ಜಗ್ಗನೆ ತುಳಿದರೆ ಹೊಲಿಗೆ ಸೊಟ್ಟ ಓಡುತ್ತದೆ. ನಿಮ್ಮ ಕಣ್ಣೂ ಹಾಗೇ ಮುಂದಿನ ಸೈಟ್, ಅಂದರೆ ಗುರಿ ಹಿಡಿಯಲು ನಳಿಕೆಯ ತುದಿಯಲ್ಲಿರುವ ಭಾಗದ ಮೇಲೆ ಇರಲಿ, ದೂರದ ಟಾರ್ಗೆಟ್ ಸ್ವಲ್ಪ ಮಸುಕಾದರೆ ಆಗಲಿ. ತೋರುಬೆರಳಿನ ಮೊದಲ ಗಿಣ್ಣಿನ ಮೆತ್ತನೆ ಭಾಗದಿಂದ ನೇರ ಹಿಂದಕ್ಕೆ, ಒಂದೇ ಸಮ ಒತ್ತುತ್ತಾ ಹೋಗಿ. 'ಈಗ!' ಅಂತ ನೀವೇ ಗಳಿಗೆ ಆರಿಸಿದರೆ ಮೈ ಬೆಚ್ಚುತ್ತದೆ. ಟ್ರಿಗರ್ ಯಾವಾಗ ಬೀಳುತ್ತದೋ ಬೀಳಲಿ. ಟಿಕ್ ಅಂದ ಮೇಲೂ ಬೆರಳು ಹಿಂದೆಯೇ ಇರಲಿ, ಎರಡು ಎಣಿಸಿ, ಸೈಟ್ ಎಲ್ಲಿತ್ತು ಅಂತ ನೋಡಿ.

ಸ್ವಲ್ಪ ಕೈ ಕೂತ ಮೇಲೆ ನಳಿಕೆಯ ತುದಿಯಲ್ಲಿ ಒಂದು ರೂಪಾಯಿ ನಾಣ್ಯ ಇಡೋಕೆ ಗೆಳೆಯನಿಗೆ ಹೇಳಿ, ಅವನು ಪಕ್ಕದಿಂದ ಕೈ ಚಾಚಿ ಇಡಲಿ, ನಳಿಕೆಯ ಮುಂದೆ ಬರಬಾರದು. ಬೀಳದಂತೆ ಹತ್ತು ಸಲ ಒತ್ತಬೇಕು. ದಿನಕ್ಕೆ ಹತ್ತು ನಿಮಿಷ ಸಾಕು. ಭಾನುವಾರ ಒಮ್ಮೆಲೇ ಎರಡು ತಾಸು ಕೂತರೆ ಸುಮ್ನೆ ಕೈ ನೋವು.

ಆಮೇಲೆ ರೇಂಜಿನಲ್ಲಿ ಉಸ್ತಾದರ ಆ ಪಾಠ. ಜೊತೆಯವರು ನಿಮಗೆ ಕಾಣದಂತೆ ಒಮ್ಮೆ ನಿಜವಾದ ರೌಂಡ್, ಒಮ್ಮೆ ಡಮ್ಮಿ ತುಂಬಿ ಕೊಡಲಿ. ಶುರುವಿನಲ್ಲಿ ಐದರಲ್ಲಿ ಮೂರು ಡಮ್ಮಿ ಇರಲಿ. ಡಮ್ಮಿಯಲ್ಲಿ ನಳಿಕೆ ಅಲುಗಿದರೆ ನಿಮಗೇ ಗೊತ್ತಾಗುತ್ತದೆ, ಯಾರೂ ಹೇಳಬೇಕಿಲ್ಲ. ಡಮ್ಮಿಯೋ, ನಿಜವಾದ ಗುಂಡೇ ಹಾರದೆ ಉಳಿದಿದೆಯೋ ಅಂತ ಅನುಮಾನ ಬಂದರೆ ನಳಿಕೆ ಟಾರ್ಗೆಟ್ ಕಡೆಗೇ ಇಟ್ಟು 30 ಸೆಕೆಂಡ್ ಕಾದು ಆಮೇಲೆ ಬೋಲ್ಟ್ ತೆಗೆಯಿರಿ. ಕೆಲವು ಸಲ ಗುಂಡು ತಡವಾಗಿ ಹಾರುತ್ತದೆ.

ಹಿಡಿತದ ಬಗ್ಗೆ ಸ್ವಲ್ಪ. ಬಟ್ (ರೈಫಲ್‌ನ ಹಿಂದಿನ ತುದಿ) ಭುಜದ ಗುಳಿಯಲ್ಲಿ ಸಂದಿಲ್ಲದಂತೆ ಕೂರಬೇಕು, ಸಂದಿ ಇದ್ದರೆ ಒದೆತ ಗುದ್ದಿನಂತೆ ಬರುತ್ತದೆ, ಆ ನೋವು ನೆನಪಿಟ್ಟುಕೊಂಡು ಮುಂದಿನ ಸಲ ಮೈ ಹಿಂಜರಿಯುತ್ತದೆ. ಗುರಿ ಇಟ್ಟು ಕಣ್ಣು ಮುಚ್ಚಿ, ಒಂದೆರಡು ಉಸಿರು ಬಿಟ್ಟು, ತೆರೆಯಿರಿ. ಸೈಟ್ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆದು ತರಬೇಡಿ, ಮೈಯನ್ನೇ ಸರಿಸಿ ಮಲಗಿ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಏಳೆಂಟು ಸೆಕೆಂಡಿನೊಳಗೆ ಗುಂಡು ಹೋಗದಿದ್ದರೆ ಬಿಟ್ಟು ಮತ್ತೆ ಶುರು ಮಾಡಿ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ಮಕ್ಕಳನ್ನು ಶೂಟಿಂಗ್‌ಗೆ ಹಾಕಬೇಕು ಅಂತ ಕೇಳುವವರಿಗೆ ನಾನು ಹೇಳುವುದು 10 ಮೀಟರ್ ಏರ್ ರೈಫಲ್ ಇಲ್ಲವೇ ಏರ್ ಪಿಸ್ತೂಲ್‌ನಿಂದಲೇ ಶುರು ಮಾಡಿ ಅಂತ. ಸದ್ದು, ಒದೆತ ಎರಡೂ ಕಡಿಮೆ. ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ನಡುವಿನ ಚುಕ್ಕೆ ಬರೀ 0.5 ಮಿ.ಮೀ., ಹಾಗಾಗಿ ಕೈಯ ತಪ್ಪು ಅಲ್ಲೇ ಕಾಣುತ್ತದೆ. ಜೋರಾಗಿ ಒದೆಯುವ ತ್ರೀ ನಾಟ್ ತ್ರೀ ರೈಫಲ್ ಅಥವಾ ಟ್ವೆಲ್ ಬೋರ್ ಬಂದೂಕು ಮುಟ್ಟುವ ಆಸೆ ಎಲ್ಲರಿಗೂ ಇರುತ್ತದೆ. ಡಮ್ಮಿ ಆಟದಲ್ಲಿ ನಳಿಕೆ ಅಲುಗದಂತೆ ನಾಲ್ಕೈದು ವಾರ ಹೊಡೆದ ಮೇಲೆ ಮುಟ್ಟಿ, ಅದೂ ಮೊದಲ ದಿನ ಐದೇ ರೌಂಡ್.

ನಮ್ಮ ಕಡೆ ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೇ ರೇಂಜಿಗೆ ಹೋಗಿ. ಹತ್ತರ ನಂತರ ಬೆವರು ಕಣ್ಣಿಗೆ ಇಳಿದು ರೆಪ್ಪೆ ಬಡಿಯುತ್ತದೆ, ಅದನ್ನೇ ಫ್ಲಿಂಚ್ ಅಂತ ತಿಳಿದು ಬೇಜಾರಾಗುತ್ತೀರಿ. ಒಂದು ದಿನಕ್ಕೆ 25 ರೌಂಡ್ ದಾಟಬೇಡಿ. ನಡುವೆ ಮತ್ತೆ ಬೆಚ್ಚೋಕೆ ಶುರುವಾದರೆ ಉಳಿದ ರೌಂಡ್ ವಾಪಸ್ ಕೊಟ್ಟು, ಡಮ್ಮಿ ಹಾಕಿ ಹತ್ತು ಸಲ ನಿಧಾನವಾಗಿ ಟ್ರಿಗರ್ ಒತ್ತಿ, ಆಮೇಲೆ ಮನೆಗೆ ಹೊರಡಿ.