ಟ್ಯಾಬಿ ಇಲಿಗಳ ಹೊರಕಿವಿ ಸೋಂಕು: ನಾವು ಪರೀಕ್ಷಿಸುವ ಕ್ರಮ

ಟ್ಯಾಬಿ ಇಲಿಯ ಕಿವಿಯಲ್ಲಿ ಕೀವು ಕಂಡ ಮಾತ್ರಕ್ಕೆ ಅದು ಹೊರಕಿವಿಯ ಸೋಂಕು ಎಂದು ನಾನು ದಾಖಲಿಸುವುದಿಲ್ಲ. ಈ ತಳಿಯಲ್ಲಿ ಕೂದಲು, ಗ್ರಂಥಿಗಳ ಬೆಳವಣಿಗೆಗೆ ಬೇಕಾದ ಇಡಿಎ ಜೀನ್ ಕೆಟ್ಟಿರುತ್ತದೆ. ಅಂಗಾಲಿನ ಬೆವರುಗ್ರಂಥಿ, ರೆಪ್ಪೆಯಲ್ಲಿ ಎಣ್ಣೆ ಸ್ರವಿಸುವ ಮೈಬೋಮಿಯನ್ ಗ್ರಂಥಿ ಬೆಳೆಯುವುದಿಲ್ಲ. ಮೂಗು-ಗಂಟಲಿನ ಲೋಳೆಗ್ರಂಥಿಗಳಲ್ಲೂ ಕೊರತೆ. ಹಾಗಾಗಿ ನಡುಕಿವಿಯ ಉರಿಯೂತವೂ ಇವನ್ನು ಕಾಡುತ್ತದೆ. ಕಿವಿತಮಟೆ ತೂತಾದರೆ ಆ ಕೀವೇ ಹೊರಗೆ ಸುರಿಯುತ್ತದೆ. ಇವೆರಡನ್ನು ಬೇರ್ಪಡಿಸುವುದೇ ಈ ಕೆಲಸದ ಮುಕ್ಕಾಲು ಪಾಲು.

ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ವಾಹಕ ಹೆಣ್ಣಿಗೆ ಸಾಮಾನ್ಯ ಗಂಡನ್ನು ಕೂಡಿಸಿದರೆ ಗಂಡುಮರಿಗಳಲ್ಲಿ ಸರಾಸರಿ ಅರ್ಧ ಟ್ಯಾಬಿ. ಉಳಿದವು ಹೋಲಿಕೆಗೆ ಸಿಗುವ ಅದೇ ಸೂಲಿನ ಕಂಟ್ರೋಲ್. ಟ್ಯಾಬಿ ಗಂಡಿಗೆ ಸಾಮಾನ್ಯ ಹೆಣ್ಣನ್ನು ಕೂಡಿಸಿದರೆ ಗಂಡುಮರಿಗಳೆಲ್ಲ ಸಾಮಾನ್ಯವೇ ಆಗುತ್ತವೆ. ಗುರುತಿಗಾಗಿ ಕಿವಿಗೆ ತೂತು ಹಾಕುವುದು, ಟ್ಯಾಗ್ ಚುಚ್ಚುವುದು ಇಲ್ಲಿ ಬೇಡವೇ ಬೇಡ. ಆ ಗಾಯವೇ ಉರಿಯೂತ ತರುತ್ತದೆ. ಡಿಎನ್ಎಗೆ ಬಾಲದ ತುದಿ ಸಾಕು. ತುಪ್ಪಳದ ಹುಳ, ಗಂಡುಗಳ ಕಚ್ಚಾಟದ ಗಾಯ ಇವೆಯೇ ಎಂದೂ ಮೊದಲೇ ನೋಡಿಕೊಳ್ಳಬೇಕು.

ಅರಿವಳಿಕೆಗೆ ಐಸೊಫ್ಲೂರೇನ್ ಆವಿ 3–4 ಶೇಕಡಾದಲ್ಲಿ ಕೊಟ್ಟು ಮಲಗಿಸಿ 1.5–2ಕ್ಕೆ ಇಳಿಸುತ್ತೇವೆ. ಮೂಗು ಕಟ್ಟಿರುವ ಪ್ರಾಣಿ, ಉಸಿರಿನ ಮೇಲೆ ಕಣ್ಣಿರಲಿ. ರೆಪ್ಪೆಯಲ್ಲಿ ಎಣ್ಣೆಯಂಶವಿಲ್ಲದ ಕಾರಣ ಕಣ್ಣು ಬೇಗ ಒಣಗುತ್ತದೆ, ಮುಲಾಮು ಮರೆಯಬಾರದು.

ಮಾದರಿ ತೆಗೆಯಲು ಸಾಮಾನ್ಯ ಸ್ವಾಬ್ ಕಿವಿನಾಳಕ್ಕೆ ಹಿಡಿಸದು. ಒತ್ತಿ ತುರುಕಿದರೆ ತಮಟೆ ಹರಿಯುತ್ತದೆ. ಕಿವಿಹಾಳೆಯನ್ನು 70 ಶೇಕಡಾ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಹಸಿಯಿದ್ದರೆ ಆ ಆಲ್ಕೋಹಾಲೇ ಮಾದರಿಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಬಳಿಕ ಜೆಲ್ ತುಂಬುವ ಉದ್ದ ಟಿಪ್ಪಿನಲ್ಲಿ 10 ಮೈಕ್ರೋಲೀಟರ್ ಶುದ್ಧ ಸಲೈನ್ ನಿಧಾನವಾಗಿ ಬಿಟ್ಟು, ಹಿಂದಕ್ಕೆಳೆದು, ಬ್ಯಾಕ್ಟೀರಿಯಾ ಬೆಳೆಸುವ ಬ್ಲಡ್ ಅಗರ್ ಮತ್ತು ಮ್ಯಾಕ್‌ಕಾಂಕಿ ತಟ್ಟೆಗಳಿಗೆ ಹರಡುತ್ತೇವೆ. 37 ಡಿಗ್ರಿಯಲ್ಲಿ 24–48 ಗಂಟೆ. ಶಿಲೀಂಧ್ರಕ್ಕೆ ಸಬೂರೋ ಅಗರ್, 25–30 ಡಿಗ್ರಿ, ಒಂದು ವಾರ. ಅಂಗಾಂಶ ಪರೀಕ್ಷೆಗೆಂದು ಇಟ್ಟ ತಲೆಗಳ ಕಿವಿ ಮಾತ್ರ ತೊಳೆಯುವುದಿಲ್ಲ, ಒಳಗಿನ ಕಸವೇ ಸಾಕ್ಷ್ಯ.

ತಲೆಯನ್ನು ಕತ್ತರಿಸುವಾಗ ಕೆಳದವಡೆ ತೆಗೆಯಿರಿ, ಕಿವಿನಾಳದ ಸುತ್ತಣ ಚರ್ಮ ಹಾಗೇ ಉಳಿಸಿ. ಬುಲ್ಲಾದಲ್ಲಿ, ಅಂದರೆ ನಡುಕಿವಿಯನ್ನು ಸುತ್ತುವರಿದ ಮೂಳೆಗೂಡಿನಲ್ಲಿ, ಗಾಳಿ ಸಿಕ್ಕಿಕೊಂಡರೆ ಸ್ಥಿರೀಕರಣ ದ್ರಾವಣ ಒಳಗಿಳಿಯದೆ ಒಳಪದರ ಕೊಳೆಯುತ್ತದೆ. ಲಘು ನಿರ್ವಾತದಲ್ಲಿಟ್ಟರೆ ಗುಳ್ಳೆ ಹೊರಬರುತ್ತದೆ. ಫಾರ್ಮಾಲಿನ್‌ನಲ್ಲಿ 48 ಗಂಟೆ ಇಟ್ಟು, ಮೂಳೆಯ ಸುಣ್ಣ ತೆಗೆಯಲು 0.5 ಮೋಲಾರ್ ಇಡಿಟಿಎಯಲ್ಲಿ ಎರಡು ವಾರ, ಎರಡು-ಮೂರು ದಿನಕ್ಕೊಮ್ಮೆ ದ್ರಾವಣ ಬದಲಿಸಿ ಅಲುಗಾಡಿಸುತ್ತಿರಬೇಕು. ಆತುರಕ್ಕೆ ಪ್ರಬಲ ಆಮ್ಲ ಹಾಕಿದರೆ ಜೀವಕೋಶದ ಕೇಂದ್ರಗಳ ಬಣ್ಣ ಮಂಕಾಗುತ್ತದೆ. ಮೂಳೆಗೆ ಸೂಜಿ ಸಲೀಸಾಗಿ ಇಳಿದರೆ ಸಿದ್ಧ.

ಸೀಳಿಕೆ 7–8 ಮೈಕ್ರಾನ್, ಎರಡೂ ಕಿವಿ ಒಂದೇ ಸ್ಲೈಡಿನಲ್ಲಿ ಬರುವಂತೆ ಅಡ್ಡಲಾಗಿ. ಸರಣಿ ಬಿಡಬಾರದು: ತಮಟೆಯ ಸಣ್ಣ ತೂತು ಕೆಲವೇ ಸೀಳಿಕೆಗಳಲ್ಲಿ ಕಾಣುತ್ತದೆ. ಒಂದು ಸಾಲಿಗೆ ಜೀವಕೋಶ ತೋರುವ ಹೆಮಟಾಕ್ಸಿಲಿನ್-ಇಯೋಸಿನ್ ಬಣ್ಣ, ಮುಂದಿನದಕ್ಕೆ ಬ್ಯಾಕ್ಟೀರಿಯಾ ತೋರುವ ಗ್ರಾಮ್, ಅದರ ಮುಂದಿನದಕ್ಕೆ ಲೋಳೆ ತೋರುವ ಆಲ್ಸಿಯನ್ ಬ್ಲೂ. ತಮಟೆ ಅಖಂಡವಿದ್ದು, ಬುಲ್ಲಾ ಸ್ವಚ್ಛವಿದ್ದು, ನಾಳದ ಚರ್ಮ ದಪ್ಪಗಾಗಿ ಒಳಗೆ ಕೆರಾಟಿನ್ ಮುದ್ದೆ, ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ತುಂಬಿದ್ದರೆ ಆಗ ಹೊರಕಿವಿಯ ಸೋಂಕು ಎನ್ನಬಹುದು. ನಾಳ, ಬುಲ್ಲಾ ಎರಡರಲ್ಲೂ ಕೀವಿದ್ದರೆ 'ಮಿಶ್ರ' ಎಂದೇ ಬರೆಯುತ್ತೇವೆ. ಗ್ರಂಥಿಗಳನ್ನು ಎಣಿಸುವವರಿಗೆ ಯಾವ ಇಲಿ ಟ್ಯಾಬಿ, ಯಾವುದು ಕಂಟ್ರೋಲ್ ಎಂದು ಗೊತ್ತಿರಬಾರದು. ಗ್ರಂಥಿಯ ಕೊಬ್ಬು ನೋಡಬೇಕಿದ್ದರೆ ಪ್ಯಾರಫಿನ್ ಮೇಣದಲ್ಲಿ ಅಚ್ಚು ಹಾಕಿ ಉಪಯೋಗವಿಲ್ಲ, ಆಗ ಬಳಸುವ ಕ್ಸೈಲೀನ್ ದ್ರಾವಕ ಕೊಬ್ಬನ್ನು ಕರಗಿಸಿಬಿಡುತ್ತದೆ. ಬೇರೊಂದು ಕಿವಿಯನ್ನು ಹೆಪ್ಪುಗಟ್ಟಿಸಿ ಆಯಿಲ್ ರೆಡ್ ಓ ಬಣ್ಣ ಹಾಕಬೇಕು.