ಪದ್ಮಿನಿಯ ಹಿಂದಿನ ಸೀಟಿನಲ್ಲಿ ಅಮ್ಮನಿಗೆ ನಿದ್ದೆ ಬಂತು

ಕಳೆದ ತಿಂಗಳು ಉಡುಪಿಯಿಂದ ತೀರ್ಥಹಳ್ಳಿಗೆ ಮರಳುವಾಗ ಹೆಬ್ರಿ ದಾಟಿ ಸೋಮೇಶ್ವರ ಬರುವಷ್ಟರಲ್ಲಿ ಹಿಂದಿನ ಸೀಟಿನ ಮಾತು ನಿಂತಿತು. ಕನ್ನಡಿಯಲ್ಲಿ ನೋಡಿದರೆ ಅಮ್ಮ ಶಾಲು ಹೊದ್ದು ಸೀಟಿನ ಮೂಲೆಗೆ ತಲೆ ಕೊಟ್ಟು ಮಲಗಿದ್ದಳು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಹತ್ತಿ ಮೇಲೆ ಬಂದು ಚಹಾಕ್ಕೆ ಕಾರು ನಿಲ್ಲಿಸಿದಾಗಲೇ ಅವಳಿಗೆ ಎಚ್ಚರವಾದದ್ದು. ನಾಲ್ಕು ವರ್ಷದ ಹಿಂದೆ ಇದೇ ಕಾರಿನಿಂದ ಇದೇ ಜಾಗದಲ್ಲಿ ಸೊಂಟ ಹಿಡಿದುಕೊಂಡು ಇಳಿದವಳು, "ಇನ್ನು ನನ್ನನ್ನು ಇದರಲ್ಲಿ ಕೂರಿಸಬೇಡ, ಬಸ್ಸಿಗೇ ಹೋಗುತ್ತೇನೆ" ಎಂದಿದ್ದಳು. ಕಾರು ಅದೇ, ರಸ್ತೆ ಅದೇ, ಶಾಕ್ ಅಬ್ಸಾರ್ಬರ್ ಕೂಡ ಅವೇ. ಬದಲಾದದ್ದು ಟೈರು ಮತ್ತು ಅದರೊಳಗಿನ ಗಾಳಿ.

ಕಾರು 1986ರ ಪ್ರೀಮಿಯರ್ ಪದ್ಮಿನಿ. ಅಪ್ಪ ಎರಡನೆಯ ಕೈಯಲ್ಲಿ ಕೊಂಡದ್ದು. ಎಂಜಿನ್ ಬಗ್ಗೆ ನನಗೆ ಚಿಂತೆ ಇರಲಿಲ್ಲ, ಅದನ್ನು ಎರಡು ಸಲ ನಾನೇ ಬಿಚ್ಚಿ ಕೂರಿಸಿದ್ದೇನೆ. ಸವಾರಿಯ ಸುಖ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಚಕ್ರದ ಕೀಲುಗಳ ಬುಷ್ ಎಲ್ಲ ಹೊಸದು ಹಾಕಿದೆ, ಸೀಟಿನ ಸ್ಪ್ರಿಂಗ್ ಕಟ್ಟಿಸಿದೆ, ಮೇಲೆ ದಪ್ಪ ಫೋಮ್ ಹೊಲಿಸಿದೆ. ಸಣ್ಣ ಗುಂಡಿಗೆ ಇಳಿದರೂ ಏಟು ನೇರ ಬೆನ್ನಿಗೆ ಬರುತ್ತಿತ್ತು. ಆಗ ಕಣ್ಣು ಟೈರಿನ ಮೇಲೆ ಬಿತ್ತು.

ಕಂಪನಿಯಿಂದ ಬಂದ ಅಳತೆ 5.20-14 (ಟೈರಿನ ಅಗಲ ಮತ್ತು ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ), ನೈಲಾನ್ ಟೈರು. ಅದರ ಗುಣ ನಿಮಗೆಲ್ಲ ಗೊತ್ತಿರುವುದೇ: ಕಾರು ಒಂದು ರಾತ್ರಿ ನಿಂತರೂ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ ಕೂರುತ್ತದೆ, ಬೆಳಗ್ಗೆ ಹೊರಟರೆ ಬಿಸಿಯಾಗುವವರೆಗೆ ಮೂರು ನಾಲ್ಕು ಕಿಲೋಮೀಟರ್ ದಬ ದಬ ಎಂದು ಬಡಿಯುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕಾರು ವಾರಗಟ್ಟಲೆ ಕೊಟ್ಟಿಗೆಯಲ್ಲೇ ನಿಲ್ಲುತ್ತದೆ. ಆಗ ಆ ಬಡಿತ ತೀರ್ಥಹಳ್ಳಿಯಿಂದ ಆಗುಂಬೆಯವರೆಗೂ ಬಿಡುತ್ತಿರಲಿಲ್ಲ. ಆದರೂ ಮೊದಲು ನಾನು ಹುಡುಕಿದ್ದು ನೈಲಾನನ್ನೇ. ಹಳೆಯ ಕಾರಿಗೆ ಹಳೆಯ ಟೈರೇ ಸರಿ ಎಂಬ ನಂಬಿಕೆ. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳು ಕಡಿಮೆಯಾದ ಮೇಲೆ ಈ ಅಳತೆಯನ್ನು ಕೇಳುವವರೇ ಇಲ್ಲ ಎಂದು ಅಂಗಡಿಯವರು ಹೇಳುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ಆ ಟ್ಯಾಕ್ಸಿಗಳೂ ರಸ್ತೆಯಿಂದ ಪೂರ್ತಿ ಇಳಿದವು. ಅಂತೂ ಒಂದು ಅಂಗಡಿಯಲ್ಲಿ "ಹೊಸದು" ಎಂದು ನಾಲ್ಕು ಟೈರು ಸಿಕ್ಕಿದವು, ಹನ್ನೊಂದು ಸಾವಿರದ ಹತ್ತಿರ ಕೊಟ್ಟೆ. ಮನೆಗೆ ತಂದು ಹಾಕಿಸಿದ ಮೇಲೆ ಪಕ್ಕೆಯ ಮೇಲಿನ ನಾಲ್ಕು ಅಂಕಿ ನೋಡಿದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ತಯಾರಾಗಿ ಐದು ವರ್ಷ ಕಳೆದಿತ್ತು. ಉಗುರು ಒತ್ತಿದರೆ ಗೆರೆ ಮೂಡುತ್ತಿರಲಿಲ್ಲ, ಅಷ್ಟು ಗಟ್ಟಿ. ಅಮ್ಮ ಬಸ್ಸಿನ ಮಾತು ಆಡಿದ್ದು ಆ ಟೈರುಗಳ ಕಾಲದಲ್ಲೇ.

ಮುಂದೆ ಮಾಡಿದ್ದನ್ನು ಯಾರೂ ಮಾಡಬಾರದು. ಖರ್ಚು ಉಳಿಸಲು ಎರಡೇ ಎರಡು ರೇಡಿಯಲ್, ಅಂದರೆ ಈಗಿನ ಕಾರುಗಳಿಗೆ ಬರುವ ಉಕ್ಕಿನ ಪದರದ ಟೈರು, ಕೊಂಡೆ. ಅಳತೆ 175/70 (ಮೊದಲನೆಯದು ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಪಕ್ಕೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು), ಎರಡಕ್ಕೂ ಸೇರಿ ಎಂಟು ಸಾವಿರ. ಮುಂದಿನ ಚಕ್ರಕ್ಕೆ ಹಾಕಿದರೆ ಸ್ಟೀರಿಂಗ್ ಹಿತವಾಗುತ್ತದೆ ಎಂಬ ಲೆಕ್ಕ. ಹಿತವೇನೋ ಆಯಿತು. ಒಂದು ಮಳೆಯ ಸಂಜೆ ಘಾಟಿ ಇಳಿಯುವಾಗ ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಮುಂದಿನ ಚಕ್ರ ರಸ್ತೆಯನ್ನು ಗಟ್ಟಿಯಾಗಿ ಹಿಡಿದು ತಿರುಗಿತು, ಹಿಂದಿನ ನೈಲಾನ್ ಹಿಡಿಯಲಿಲ್ಲ. ಕಾರಿನ ಹಿಂಭಾಗ ಮೋರಿಯ ಕಟ್ಟೆಯ ಕಡೆ ತೇಲಿದ್ದು ಇನ್ನೂ ನನ್ನ ಬೆನ್ನಿಗೆ ನೆನಪಿದೆ. ಎದುರಿನಿಂದ ಬಸ್ಸು ಬಾರದಿದ್ದದ್ದು ಪುಣ್ಯ. ಮಾರನೆಯ ದಿನವೇ ಅವನ್ನು ತೆಗೆದೆ, ನಾಲ್ಕು ಸಾವಿರಕ್ಕೆ ಹೋದವು. ನಾಲ್ಕೂ ಚಕ್ರಕ್ಕೆ ಹಾಕಲು ಹಣವಿಲ್ಲದಿದ್ದರೆ ಹಣ ಆಗುವವರೆಗೆ ಕಾಯಿರಿ.

ಇಷ್ಟು ಹೊತ್ತಿಗೆ ಗ್ಯಾರೇಜಿನಲ್ಲಿ ಎಲ್ಲರೂ ಒಂದೇ ಮಾತು ಹೇಳತೊಡಗಿದ್ದರು. ಪದ್ಮಿನಿಗೆ ರೇಡಿಯಲ್ ಆಗಿಬರುವುದಿಲ್ಲ, ಸ್ಟೀರಿಂಗ್ ಬಾಕ್ಸ್ ಹೋಗುತ್ತದೆ, ರಿಮ್ ಸೀಳುತ್ತದೆ. ಒಬ್ಬ ಪರಿಚಿತರು ಮಾತ್ರ ಅಗಲ ಟೈರು ಹಾಕಿದರೆ ಕಾರು ತೇಲಿದಂತೆ ಹಿತವಾಗಿ ಓಡುತ್ತದೆ ಎಂದು ಹೇಳಿ ತಮ್ಮ ಸೆಡಾನಿನಿಂದ ಬಿಚ್ಚಿದ 185/65 ಟೈರು ನಾಲ್ಕನ್ನು ಒಂಬತ್ತು ಸಾವಿರಕ್ಕೆ ಕೊಟ್ಟರು. ನನ್ನ ರಿಮ್ಮಿನ ಅಗಲ ನಾಲ್ಕು ಇಂಚು ಚಿಲ್ಲರೆ. ಅದರ ಮೇಲೆ ಕೂತ ಆ ಟೈರು ಪಕ್ಕೆ ಒಳಗೆಳೆದುಕೊಂಡು ನಡು ಉಬ್ಬಿಸಿ ನಿಂತಿತು. ಎರಡು ಸಾವಿರ ಕಿಲೋಮೀಟರಿಗೇ ನಡುಭಾಗ ಮಾತ್ರ ಸವೆಯತೊಡಗಿತು. ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜುವ ಸದ್ದು, ಪೇಟೆಯಲ್ಲಿ ನಿಲ್ಲಿಸುವಾಗ ಸ್ಟೀರಿಂಗ್ ಎಳೆಯಲು ಎರಡೂ ತೋಳು ಬೇಕು. ಎತ್ತರ ಕಡಿಮೆಯಾದ್ದರಿಂದ ಟಾಪ್ ಗೇರಿನಲ್ಲೂ ಎಂಜಿನ್ ಕೂಗುತ್ತಿತ್ತು. ಗುಂಡಿಯ ಏಟು ಮೊದಲಿಗಿಂತ ಚುರುಕಾಗಿ ಬರುತ್ತಿತ್ತು. ಐದು ಸಾವಿರಕ್ಕೆ ಮಾರಿದೆ.

ಆ ರಾತ್ರಿ ಕಾಗದ ಹಿಡಿದು ಕೂತೆ. 185/65ರಲ್ಲಿ ಪಕ್ಕೆಯ ಎತ್ತರ 120 ಮಿಲಿಮೀಟರ್. 165/80ರಲ್ಲಿ 132. ರಿಮ್ಮಿಗೂ ರಸ್ತೆಗೂ ನಡುವೆ ಒಂದು ಬೆರಳಗಲ ಹೆಚ್ಚು ರಬ್ಬರು, ಹೆಚ್ಚು ಗಾಳಿ. ಆ ಬೆರಳಗಲದಲ್ಲೇ ನನ್ನ ಉತ್ತರ ಇತ್ತು. 165/80 ಆರ್ 14 (ಆರ್ ಎಂದರೆ ರೇಡಿಯಲ್, 14 ಇಂಚಿನ ರಿಮ್) ಹುಡುಕಿ ಅಲೆಯಬೇಕಾದ ಅಳತೆಯೂ ಅಲ್ಲ, ಸ್ವಿಫ್ಟ್‌ನ ಕೆಳಗಿನ ಮಾದರಿಗಳಿಗೆ ಬರುವುದು ಇದೇ. ತೂಕದಲ್ಲಿ ಆ ಕಾರಿಗೂ ಪದ್ಮಿನಿಗೂ ಹೆಚ್ಚು ಅಂತರವಿಲ್ಲ. ಲೆಕ್ಕದಲ್ಲಿ ಟೈರಿನ ಪೂರ್ತಿ ಎತ್ತರ 62 ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ. ನನ್ನ ನೈಲಾನಿಗೆ ಟೇಪು ಹಿಡಿದರೆ 61 ಚಿಲ್ಲರೆ. ಹಾಕಿದ ಮೇಲೆ ಮೊಬೈಲಿನ ಜಿಪಿಎಸ್ ಜೊತೆ ಹೋಲಿಸಿ ನೋಡಿದೆ, ಸ್ಪೀಡೋಮೀಟರಿನಲ್ಲಿ ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಕಾಣಲಿಲ್ಲ.

ಮೇಸ್ತ್ರಿ ಒಪ್ಪಲಿಲ್ಲ. "ಸಾರ್, ಹಿಂದೆ ಮೂರು ಜನ ಕೂತರೆ ಮಡ್‌ಗಾರ್ಡಿಗೆ ತಾಗುತ್ತದೆ" ಎಂದರು. ಕೊಳ್ಳುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಬೇಕಿತ್ತು. ತಂಗಿಯ ಗಂಡನ ಸ್ವಿಫ್ಟಿನ ಸ್ಟೆಪ್ನಿಯಿಂದ ಟೈರು ಬಿಚ್ಚಿಸಿ, ಟ್ಯೂಬು ತುರುಕಿ, ನನ್ನ ರಿಮ್ಮಿಗೆ ಕೂರಿಸಿದೆ. ಮಗಳು ಆಡುವ ಬಣ್ಣದ ಜೇಡಿಯನ್ನು ಹೆಬ್ಬೆರಳು ಗಾತ್ರದ ಉಂಡೆ ಮಾಡಿ ಮಡ್‌ಗಾರ್ಡಿನ ಒಳಮೈಗೆ ಐದು ಕಡೆ ಅಂಟಿಸಿದೆ. ಹಿಂದಿನ ಸೀಟಿನ ಮೇಲೆ ಎರಡು ಅಡಿಕೆ ಮೂಟೆ, ಡಿಕ್ಕಿಯಲ್ಲಿ ಅರ್ಧ ಮೂಟೆ. ಮನೆಯ ಮುಂದಿನ ಮಣ್ಣುರಸ್ತೆಯಲ್ಲಿ ಹಂಪು ಗುಂಡಿ ನೋಡದೆ ಎರಡು ಸುತ್ತು ಹೊಡೆದೆ. ಹಿಂದಕ್ಕೆ ಬಂದು ಬಗ್ಗಿ ನೋಡಿದರೆ ನಾಲ್ಕು ಉಂಡೆ ಗುಂಡಗೆ ಹಾಗೇ ಇದ್ದವು, ಮೇಲಿನದೊಂದರ ತುದಿ ಮಾತ್ರ ಧೂಳು ಮೆತ್ತಿಕೊಂಡು ನುಣ್ಣಗಾಗಿತ್ತು. ಅಂದರೆ ಎಷ್ಟೇ ಕುಸಿದರೂ ಹೆಬ್ಬೆರಳಿನಷ್ಟು ಜಾಗ ಉಳಿಯುತ್ತದೆ. ಆ ಉಂಡೆಯನ್ನು ಕಿತ್ತು ಮೇಸ್ತ್ರಿಗೆ ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಸುಮ್ಮನಾದರು.

ಒಂದೇ ಅಳತೆಯಲ್ಲಿ ಮೆತ್ತಗಿನದೂ ಇದೆ, ಗಟ್ಟಿಯದೂ ಇದೆ. ಅಂಗಡಿಯಲ್ಲಿ ಟೈರಿನ ಪಕ್ಕೆ ಓದಿ. ಪಕ್ಕೆಯಲ್ಲಿ ಎಷ್ಟು ಪದರ ಪಾಲಿಯೆಸ್ಟರ್, ಮೇಲ್ಭಾಗದಲ್ಲಿ ಎಷ್ಟು ಪದರ ಉಕ್ಕು ಎಂದು ಅಚ್ಚು ಹಾಕಿರುತ್ತಾರೆ. ಪಕ್ಕೆ ಒಂದೇ ಪದರದ್ದನ್ನು ನಾನು ಆರಿಸಿದೆ, ಹೆಚ್ಚು ಭಾರ ಹೊರಲೆಂದು ಬಲಪಡಿಸಿದ್ದನ್ನು ಪಕ್ಕಕ್ಕಿಟ್ಟೆ. ಇಂಧನ ಉಳಿಸುತ್ತದೆ ಎಂದು ಹೇಳಿಕೊಂಡು ಬರುವ ಮಾದರಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ, ನನ್ನ ಬೆರಳಿಗೆ ಅದು ಒಗ್ಗಲಿಲ್ಲ. ಕೊನೆಗೆ ಯಾವ ಕಂಪನಿಯ ಯಾವ ಮಾದರಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕೈದು ಅಂಗಡಿ ಸುತ್ತಿ ಪಕ್ಕೆ ಒತ್ತಿ ನೋಡಿದವರಿಗೆ ಅದು ತಾನಾಗಿ ಸಿಗುತ್ತದೆ. ನಾಲ್ಕು ಟೈರಿಗೆ ಹದಿನೆಂಟು ಹದಿನೆಂಟೂವರೆ ಸಾವಿರ, ರೇಡಿಯಲ್‌ಗೆ ಆಗುವ ಟ್ಯೂಬು ನಾಲ್ಕಕ್ಕೆ ಎರಡು ಸಾವಿರದ ಇನ್ನೂರು, ಕೂಲಿ ಮತ್ತು ಬ್ಯಾಲೆನ್ಸಿಂಗ್‌ಗೆ ಸಾವಿರದ ಚಿಲ್ಲರೆ. ಹಳೆಯ ತಪ್ಪುಗಳನ್ನೂ ಸೇರಿಸಿದರೆ ನಲವತ್ತು ಸಾವಿರ ದಾಟಿತು. ಆ ಹಣಕ್ಕೆ ಕಾರಿಗೆ ಪೂರ್ತಿ ಬಣ್ಣ ಹೊಡೆಸಬಹುದಿತ್ತು.

ಟ್ಯೂಬು ಬೇಕೇ ಬೇಕು. ಈ ಹಳೆಯ ರಿಮ್ಮುಗಳ ಮೇಲೆ ಟ್ಯೂಬ್‌ಲೆಸ್ ಟೈರನ್ನು ಬರೀ ಗಾಳಿಯಲ್ಲಿ ನಿಲ್ಲಿಸುವ ಸಾಹಸ ಬೇಡ. ಮೊದಲ ಟ್ಯೂಬು ಒಂಬೈನೂರು ಕಿಲೋಮೀಟರಿಗೇ ಹೋಯಿತು. ಪಂಕ್ಚರ್ ಅಂಗಡಿಯ ಸಾಬರು ಮೊಳೆ ಹುಡುಕಿದರು, ಸಿಗಲಿಲ್ಲ. ಟ್ಯೂಬನ್ನು ಬೆಳಕಿಗೆ ಹಿಡಿದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕದ ನೆರಳು, ಅದರ ಒಂದು ಅಂಚಿನುದ್ದಕ್ಕೂ ಸಣ್ಣ ಸೀಳು. ಟೈರಿನೊಳಗೆ ಕೈಯಾಡಿಸಿದೆ, ಕಾರ್ಖಾನೆಯಲ್ಲಿ ಅಂಟಿಸಿದ ಕಾಗದದ ಚೀಟಿ ಇನ್ನೂ ಅಲ್ಲೇ ಇತ್ತು. ಅದರ ಅಂಚೇ ದಿನವೂ ಉಜ್ಜಿ ಉಜ್ಜಿ ಕೊರೆದಿತ್ತು. ನಾಲ್ಕೂ ಟೈರು ಬಿಚ್ಚಿಸಿ, ಚೀಟಿಗಳನ್ನು ಕೆರೆದು, ಗೋಂದು ಉಳಿದ ಕಡೆ ಪೆಟ್ರೋಲು ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಪೌಡರ್ ಸವರಿ ಮತ್ತೆ ಕೂರಿಸಿದೆ. ಅಂದಿನಿಂದ ಹನ್ನೊಂದು ಸಾವಿರ ಕಿಲೋಮೀಟರ್ ಆಗಿದೆ, ಟ್ಯೂಬಿನ ತಂಟೆ ಇಲ್ಲ. ಕೂರಿಸುವಾಗ ಪಕ್ಕೆಯ ಹಳದಿ ಚುಕ್ಕಿಯನ್ನು ವಾಲ್ವಿನ ನೇರಕ್ಕೆ ತರಲು ಮರೆಯಬೇಡಿ, ಬ್ಯಾಲೆನ್ಸಿಂಗ್‌ಗೆ ಬೇಕಾಗುವ ಸೀಸ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಮೊದಲ ದಿನ ಸುಖ ಸಿಗಲಿಲ್ಲ. ಅಂಗಡಿಯವರು ಅಭ್ಯಾಸಬಲದಿಂದ ನಾಲ್ಕಕ್ಕೂ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದ್ದರು. 28ಕ್ಕೆ ಇಳಿಸಿದೆ, ಸ್ವಲ್ಪ ವಾಸಿ. ಅಷ್ಟರಲ್ಲಿ ಇನ್ನೊಂದು ಗೊತ್ತಾಯಿತು: ಎರಡು ಅಂಗಡಿಯ ಗೇಜುಗಳ ನಡುವೆ ನಾಲ್ಕು ಪಿಎಸ್‌ಐ ವ್ಯತ್ಯಾಸ. ಒಂಬೈನೂರು ರೂಪಾಯಿ ಕೊಟ್ಟು ಗೇಜಿರುವ ಕಾಲುಪಂಪು ಕೊಂಡೆ. ಈ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ. ಆಮೇಲೆ ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಮಾತ್ರ ಅಳೆದೆ. ಟೈರಿನ ಮೇಲೆ ಅಡ್ಡಡ್ಡ ಸೀಮೆಸುಣ್ಣದ ದಪ್ಪ ಗೆರೆ ಎಳೆದು, ಡಾಂಬರಿನ ಮೇಲೆ ನೇರ ಇನ್ನೂರು ಮೀಟರ್ ಓಡಿಸಿ ಇಳಿದು ನೋಡುವುದು. 30ರಲ್ಲಿ ನಡುವೆ ಮಾತ್ರ ಗೆರೆ ಅಳಿಸುತ್ತಿತ್ತು. 20ರಲ್ಲಿ ಎರಡು ಅಂಚು ಅಳಿಸಿ ನಡು ಬೆಳ್ಳಗೇ ಉಳಿಯುತ್ತಿತ್ತು. ಮುಂದೆ 24, ಹಿಂದೆ 26ರಲ್ಲಿ ಗೆರೆ ಅಂಚಿನಿಂದ ಅಂಚಿಗೆ ಸಮನಾಗಿ ಹೋಯಿತು.

ಇಷ್ಟು ಕಡಿಮೆ ಗಾಳಿಯಲ್ಲಿ ಟೈರು ಕಾದು ಸಿಡಿಯುತ್ತದೆ ಎಂದು ಹೆದರಿಸಿದವರು ಇಬ್ಬರು ಮೂವರಲ್ಲ. ಅವರ ಭಯಕ್ಕೆ ಕಾರಣವಿದೆ, ಹಾಗಾಗಿ ಅದನ್ನೂ ಅಳೆದೆ. ಮೂವತ್ತು ಕಿಲೋಮೀಟರ್ ಓಡಿಸಿ ಬಿಸಿಯಿದ್ದಾಗಲೇ ಗೇಜು ಹಿಡಿದರೆ ಮುಂದಿನದು 27, 28ರ ನಡುವೆ. ತಣ್ಣಗಿದ್ದಾಗಿನದಕ್ಕಿಂತ ನಾಲ್ಕರೊಳಗೆ ಏರಿದರೆ ನನಗೆ ನೆಮ್ಮದಿ. 20ರಲ್ಲಿ ಓಡಿಸಿದ ದಿನ ಆರು ಏರಿತ್ತು, ಕೈಯಿಟ್ಟರೆ ಪಕ್ಕೆ ಚುರ್ರೆನ್ನುತ್ತಿತ್ತು. ನನ್ನ ಕಾರು ಗಂಟೆಗೆ 70 ಕಿಲೋಮೀಟರಿನ ಮೇಲೆ ಓಡುವುದಿಲ್ಲ. 100ರಲ್ಲಿ ಓಡಿಸುವವರು ನನ್ನ ಅಂಕಿ ಹಿಡಿಯಬಾರದು.

ಬದಿಯಲ್ಲಿ ಬೇರೆ ಪ್ರಯೋಗಗಳೂ ನಡೆದವು. ಹಿಂದಿನ ಲೀಫ್ ಸ್ಪ್ರಿಂಗಿನಿಂದ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು) ಒಂದು ಪ್ಲೇಟ್ ತೆಗೆದೆ. ಇಬ್ಬರು ಕೂತಾಗ ಬಲು ಹಿತ, ಅಡಿಕೆ ಹಾಕಿದರೆ ಕಾರು ನೆಲ ಹಿಡಿಯುತ್ತಿತ್ತು. ವಾರದಲ್ಲಿ ಮತ್ತೆ ಹಾಕಿಸಿದೆ. ನೈಟ್ರೋಜನ್ ತುಂಬಿಸಿ ಎರಡು ತಿಂಗಳು ಓಡಿಸಿದೆ, ಸವಾರಿಯಲ್ಲಿ ಯಾವ ಬದಲಾವಣೆಯೂ ತಿಳಿಯಲಿಲ್ಲ. ಪ್ಲೇಟುಗಳ ನಡುವೆ ಹಳೆಯ ಎಂಜಿನ್ ಆಯಿಲ್ ಬಿಟ್ಟರೆ ಹದಿನೈದು ದಿನ ಚೆನ್ನ, ಆಮೇಲೆ ಧೂಳು ಸೇರಿ ಕಿರಗುಟ್ಟುತ್ತದೆ. ಈಗ ಅಲ್ಲಿ ಬೇರೊಂದನ್ನು ಇಟ್ಟಿದ್ದೇನೆ, ಸದ್ದಿಲ್ಲ. ಏನೆಂದು ಮನೆಗೆ ಬಂದು ಕಾರಿನ ಅಡಿ ಮಲಗಿ ನೋಡಿದವರಿಗೆ ತೋರಿಸುತ್ತೇನೆ. ನಿಂತಲ್ಲಿ ತಿರುಗಿಸುವಾಗ ಸ್ಟೀರಿಂಗ್ ನೈಲಾನಿಗಿಂತ ಭಾರವೇ, ಅದನ್ನು ಒಪ್ಪುತ್ತೇನೆ. ಚಲಿಸುವಾಗಿನ ಭಾರವನ್ನು ಟೋ-ಇನ್, ಅಂದರೆ ಮುಂದಿನ ಚಕ್ರಗಳ ಮುಂತುದಿ ಒಳಕ್ಕೆ ವಾಲುವ ಅಳತೆ, ಬದಲಿಸಿ ಕಳೆದೆ. ನೈಲಾನಿಗೆಂದು ಪುಸ್ತಕದಲ್ಲಿ ಕೊಟ್ಟದ್ದಕ್ಕಿಂತ ಕಡಿಮೆ ಇಟ್ಟಿದ್ದೇನೆ. ಎಷ್ಟು ಕಡಿಮೆ ಎಂಬುದು ನಿಮ್ಮ ಕಾರಿನ ಬುಷ್ ಎಷ್ಟು ಸವೆದಿದೆ ಎಂಬುದರ ಮೇಲಿದೆ, ನನ್ನ ಅಂಕಿ ನಿಮಗೆ ಆಗದು.

ಸ್ಟೆಪ್ನಿ ಮಾತ್ರ ಇನ್ನೂ ಆ ಗಟ್ಟಿ ನೈಲಾನ್. ಅದನ್ನು ಹಾಕಿಕೊಂಡು ಘಾಟಿ ಇಳಿಯುವಂತಿಲ್ಲ, ಪಂಕ್ಚರ್ ಅಂಗಡಿ ಮುಟ್ಟುವವರೆಗೆ ನಿಧಾನವಾಗಿ ಹೋಗಬಹುದು ಅಷ್ಟೆ. ಅಡಿಕೆ ಮಾರಿದ ಮೇಲೆ ಐದನೆಯ ಟೈರು ಕೊಳ್ಳಬೇಕು.

ಆಗುಂಬೆಯಲ್ಲಿ ಚಹಾ ಕುಡಿಯುತ್ತ ಅಮ್ಮ, "ಮುಂದಿನ ಸಲ ದೊಡ್ಡಮ್ಮನನ್ನೂ ಪಕ್ಕದ ಮನೆ ಸೀತಕ್ಕನನ್ನೂ ಕರೆದುಕೊಂಡು ಬರೋಣ" ಎಂದಳು. ಹಿಂದೆ ಮೂವರು ಕೂತರೆ ಹಿಂದಿನ ಚಕ್ರಕ್ಕೆ 28 ಬೇಕಾಗುತ್ತದೆ.