ಹಳೆಯ ಹಂಚಿನ ಛಾವಣಿ: ದುರಸ್ತಿಯೋ, ಹೊಸ ಹೊದಿಕೆಯೋ?

ಧಾರವಾಡದ ಹಳೆಯ ಬಡಾವಣೆಗಳಲ್ಲಿಯೂ ಹುಬ್ಬಳ್ಳಿಯ ಓಣಿಗಳಲ್ಲಿಯೂ ಮಂಗಳೂರು ಹಂಚು ಹೊದಿಸಿದ ಮನೆಗಳು ಇನ್ನೂ ಸಾಕಷ್ಟು ಉಳಿದಿವೆ. ಅವುಗಳಲ್ಲಿ ವಾಸಿಸುವವರಿಗೆ ಯುಗಾದಿ ಮುಗಿಯುತ್ತಿದ್ದಂತೆ ಮಿರಗದ ಮಳೆಯ ಚಿಂತೆ ಹತ್ತುತ್ತದೆ. ನೆರೆಯವರು ಸ್ಲ್ಯಾಬ್ ಹಾಕಿಸಿಬಿಡಿ ಎನ್ನುತ್ತಾರೆ, ಗೌಂಡಿಯವರು ಹಂಚು ಇಳಿಸಿ ಪತ್ರಾಸ್ (ತಗಡಿನ ಶೀಟು) ಹೊದಿಸೋಣ ಎನ್ನುತ್ತಾರೆ, ಮನೆಯ ಹಿರಿಯರು ಎರಡಕ್ಕೂ ಒಪ್ಪುವುದಿಲ್ಲ. ಈ ತೀರ್ಮಾನಕ್ಕೆ ಹಂಚನ್ನಷ್ಟೇ ನೋಡಿದರೆ ಸಾಲದು, ಅದರ ಕೆಳಗಿನ ಕಟ್ಟಿಗೆ ಹಾಗೂ ಗೋಡೆಗಳ ಸ್ಥಿತಿಯನ್ನು ಮೊದಲು ತಿಳಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಪರೀಕ್ಷೆಯನ್ನು ಮನೆಯ ಒಳಗಿನಿಂದಲೇ ಆರಂಭಿಸಿ. ಹಂಚು ರೀಪುಗಳೆಂಬ ತೆಳು ಅಡ್ಡಪಟ್ಟಿಗಳ ಮೇಲೆ ಕೂತಿರುತ್ತದೆ, ರೀಪುಗಳು ಜಂತಿಗಳ ಮೇಲೆ, ಜಂತಿಗಳು ತೊಲೆ ಮತ್ತು ಗೋಡೆಗಳ ಮೇಲೆ. ಒಂದು ಹಳೆಯ ಸ್ಕ್ರೂಡ್ರೈವರ್ ಹಿಡಿದು ಪ್ರತಿಯೊಂದು ಜಂತಿಯನ್ನೂ ಚುಚ್ಚುತ್ತ ಹೋಗಿ. ಗಟ್ಟಿ ಕಟ್ಟಿಗೆಯಲ್ಲಿ ಮೊನೆ ನಿಲ್ಲುತ್ತದೆ, ಗೆದ್ದಲು ತಿಂದ ಕಟ್ಟಿಗೆಯಲ್ಲಿ ಸಲೀಸಾಗಿ ಒಳಗಿಳಿಯುತ್ತದೆ, ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಜಂತಿಯ ನಡುಭಾಗ ಚೆನ್ನಾಗಿದೆಯೆಂದು ಸಮಾಧಾನಪಡಬೇಡಿ, ಏಕೆಂದರೆ ಗೋಡೆಯೊಳಗೆ ಹೊಕ್ಕ ತುದಿಯಲ್ಲಿ ತೇವ ನಿಲ್ಲುತ್ತದೆ ಮತ್ತು ಗೆದ್ದಲು ಮಣ್ಣಿನ ಗೋಡೆಯ ಒಳಗಿನಿಂದ ಅಲ್ಲಿಗೇ ಮೊದಲು ಬರುತ್ತದೆ. ಅನಂತರ ಛಾವಣಿಯ ನೆತ್ತಿಯ ತೊಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಬಿಗಿದು ನೋಡಿ. ತೊಲೆ ನಡುವೆ ದಾರಕ್ಕಿಂತ ಕೆಳಗೆ ಜೋಲಿದ್ದರೆ, ಹೊಸ ಹಂಚು ಹಾಕಿದರೂ ಸಾಲುಗಳು ಮತ್ತೆ ಬಾಯಿ ಬಿಡುತ್ತವೆ. ಗೋಡೆಗಳ ಬಿರುಕನ್ನೂ ಗಮನಿಸಿ. ನಮ್ಮ ಕಡೆಯ ಎರಿ ಮಣ್ಣು (ಕಪ್ಪು ಮಣ್ಣು) ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಅಡಿಪಾಯ ಅಲುಗಾಡುತ್ತದೆ, ಗೋಡೆ ಸರಿದ ಕಡೆ ಹಂಚಿನ ಸಾಲೂ ಸರಿಯುತ್ತದೆ. ಅಂಥ ಸೋರಿಕೆಗೆ ಹಂಚಿನಲ್ಲಿ ಮದ್ದಿಲ್ಲ.

ಸೋರುವ ಜಾಗವನ್ನು ಹುಡುಕುವುದಕ್ಕೆ ತಾಳ್ಮೆ ಬೇಕು. ನೀರು ಒಳಗಿಳಿದ ಕಡೆಯೇ ತೊಟ್ಟಿಕ್ಕುವುದಿಲ್ಲ, ರೀಪು ಹಿಡಿದು ಎಷ್ಟೋ ಅಡಿ ಹರಿದು ಬೇರೆಲ್ಲೋ ಬೀಳುತ್ತದೆ. ಮಳೆಗಾಗಿ ಕಾಯದೆ ಪೈಪಿನಿಂದ ನೀರು ಬಿಟ್ಟು ಪರೀಕ್ಷಿಸಬಹುದು: ಸೂರಿನ ಕಡೆಯಿಂದ ಆರಂಭಿಸಿ, ಒಂದೊಂದು ಭಾಗಕ್ಕೆ ಹತ್ತು ನಿಮಿಷ ನೀರು ಹರಿಸುತ್ತ ಮೇಲಕ್ಕೆ ಹೋಗಿ, ಒಳಗೆ ಒಬ್ಬರನ್ನು ನಿಲ್ಲಿಸಿ. ಮೇಲಿನಿಂದ ಆರಂಭಿಸಿದರೆ ಎಲ್ಲವೂ ಒದ್ದೆಯಾಗಿ ಮೂಲ ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಎರಡು ಮಳೆಗಾಲ ಕಾಡಿದ ಸೋರಿಕೆಗೆ ಒಡೆದ ಹಂಚು ಕಾರಣವಾಗಿರಲಿಲ್ಲ. ಬೇವಿನ ಎಲೆ ಮತ್ತು ಧೂಳು ಹಂಚಿನ ಕಾಲುವೆಗಳಲ್ಲಿ ತುಂಬಿ, ನೀರು ಪಕ್ಕಕ್ಕೆ ಉಕ್ಕಿ ಒಳಗೆ ಬರುತ್ತಿತ್ತು. ಅರ್ಧ ದಿನದ ಕಸಬರಿಗೆಯ ಕೆಲಸಕ್ಕೆ ಅದು ನಿಂತಿತು. ಎರಡು ಇಳಿಜಾರುಗಳು ಕೂಡುವಲ್ಲಿ ಹಾಕಿದ ತಗಡಿನ ಕಾಲುವೆ ತುಕ್ಕು ಹಿಡಿದು ತೂತಾಗುವುದು ಇನ್ನೊಂದು ಸಾಮಾನ್ಯ ಕಾರಣ. ಮಂಗಗಳು ಓಡಾಡುವ ಓಣಿಗಳಲ್ಲಿ ಹಂಚು ಒಡೆಯುವುದಕ್ಕಿಂತ ಸರಿಯುವುದೇ ಹೆಚ್ಚು, ಅದನ್ನು ಮತ್ತೆ ಕೂಡಿಸಿದರೆ ಸಾಕು.

ಇನ್ನು ಹಂಚಿನ ಆಯಸ್ಸು. ಕಪ್ಪಗಾದ ಹಂಚೆಲ್ಲ ಕೆಟ್ಟ ಹಂಚಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಾಗ ಗಂಟೆಯಂತೆ ನಾದ ಬಂದರೆ ಅದು ಗಟ್ಟಿ, ಮಂದ ಸದ್ದು ಬಂದರೆ ಒಳಗೆ ಸೀಳಿದೆ. ಬೇರೆ ಬೇರೆ ಕಡೆಯಿಂದ ಆರೇಳು ಹಂಚು ತೆಗೆದು, ಚೆನ್ನಾಗಿ ಒಣಗಿಸಿ ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿಟ್ಟು ಮತ್ತೆ ತೂಗಿರಿ. ಎರಡೂವರೆ ಕಿಲೋ ಹಂಚು ಅರ್ಧ ಕಿಲೋಗಿಂತ ಹೆಚ್ಚು ನೀರು ಕುಡಿದಿದ್ದರೆ ಅದನ್ನು ಬದಲಿಸುವುದೇ ಲೇಸು, ಏಕೆಂದರೆ ಆ ನೀರಿನ ಭಾರವನ್ನು ಜಂತಿಗಳು ಹೊರಬೇಕು ಮತ್ತು ಆ ತೇವ ರೀಪುಗಳನ್ನು ಕೊಳೆಸುತ್ತದೆ.

ಕಟ್ಟಿಗೆ ಗಟ್ಟಿಯಿದ್ದು ಹತ್ತರಲ್ಲಿ ಒಂದು ಹಂಚು ಮಾತ್ರ ಕೆಟ್ಟಿದ್ದರೆ ಅಷ್ಟನ್ನೇ ಬದಲಿಸಿ. ಹಂಚು ಚೆನ್ನಾಗಿದ್ದು ರೀಪು ಕೆಟ್ಟಿದ್ದರೆ ಹಂಚುಗಳನ್ನು ಇಳಿಸಿ, ತೊಳೆದು, ಹೊಸ ರೀಪಿನ ಮೇಲೆ ಅದೇ ಹಂಚನ್ನು ಕೂಡಿಸಬಹುದು. ಹಳೆಯ ಮನೆಗಳಲ್ಲಿ ಹೆಚ್ಚಿನವಕ್ಕೆ ಇದೇ ಸರಿಯಾದ ದಾರಿ ಎಂದು ನನಗೆ ಅನ್ನಿಸುತ್ತದೆ. ಜಂತಿಗಳೇ ಹೋಗಿದ್ದರೆ ಕಬ್ಬಿಣದ ಚೌಕ ಪೈಪುಗಳನ್ನು ಹಾಕಿಸಿ ಹಂಚನ್ನು ಉಳಿಸಿಕೊಳ್ಳುವುದು ಸಾಧ್ಯ.

ಸ್ಲ್ಯಾಬಿನ ವಿಷಯದಲ್ಲಿ ಲೆಕ್ಕವೇ ಉತ್ತರ ಕೊಡುತ್ತದೆ. 30 ಅಡಿ ಅಗಲ, 40 ಅಡಿ ಉದ್ದದ ಮನೆಯ ನೆಲ ಸುಮಾರು 111 ಚದರ ಮೀಟರ್. ಇಳಿಜಾರು 30 ಡಿಗ್ರಿ ಇದ್ದರೆ ಛಾವಣಿ ಸುಮಾರು 129 ಚದರ ಮೀಟರ್ ಆಗುತ್ತದೆ. ಚದರ ಮೀಟರಿಗೆ 15ರಂತೆ 1,900ಕ್ಕೂ ಹೆಚ್ಚು ಹಂಚು ಬೇಕು, ಅವುಗಳ ತೂಕ ಐದು ಟನ್‌ಗಿಂತ ತುಸು ಕಡಿಮೆ. ಅದೇ ಮನೆಗೆ ನಾಲ್ಕು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಹಾಕಿದರೆ ಭಾರ ಸುಮಾರು 28 ಟನ್. ಹಂಚಿಗಾಗಿ ಕಟ್ಟಿದ ಮಣ್ಣಿನ ಗೋಡೆ ಇದನ್ನು ಹೊರಲಾರದು. ಕೆಳಗಿನಿಂದ ಕಾಲಂ ಎಬ್ಬಿಸದೆ, ಎಂಜಿನಿಯರರನ್ನು ಕೇಳದೆ ಸ್ಲ್ಯಾಬ್ ಹಾಕುವುದು ಮನೆಯವರ ಪ್ರಾಣದೊಂದಿಗೆ ಆಡುವ ಆಟ, ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಬಿಸಿಲನ್ನೂ ಮರೆಯುವಂತಿಲ್ಲ: ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿ ಆ ಕಾವನ್ನು ಒಳಗೆ ಬಿಡುತ್ತದೆ, ಪತ್ರಾಸ್ ಮಧ್ಯಾಹ್ನಕ್ಕೆ ಬೆಂಕಿಯಾಗುತ್ತದೆ, ಹಂಚಿನ ಸಂದುಗಳಲ್ಲಿ ಮಾತ್ರ ಬಿಸಿಗಾಳಿ ಹೊರಹೋಗುತ್ತದೆ. ಹಣದ ಅಡಚಣೆಯಿಂದ ಪತ್ರಾಸೇ ಅನಿವಾರ್ಯವಾದರೆ ತಿಳಿಬಣ್ಣದ್ದನ್ನು ಆರಿಸಿ, ಕೆಳಗೆ ಒಂದಡಿ ಅಂತರ ಬಿಟ್ಟು ಬಿದಿರಿನ ಚಾಪೆಯನ್ನಾದರೂ ಕಟ್ಟಿಸಿ, ಬಿಸಿಗಾಳಿ ಹೊರಹೋಗಲು ನೆತ್ತಿಯ ಬಳಿ ಕಿಂಡಿ ಇಡಿಸಿ. ಆಸ್ಬೆಸ್ಟಾಸ್ ಸಿಮೆಂಟ್ ಶೀಟು ಬೇಡ. ಎಲ್ಲ ಬಗೆಯ ಆಸ್ಬೆಸ್ಟಾಸ್ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹಂಚಿನ ಮೇಲೆ ತಾಡಪತ್ರಿ ಹೊದಿಸುವುದು ಒಂದು ಮಳೆಗಾಲ ದಾಟಿಸಲು ಸರಿ, ಬೇಸಿಗೆಗೆ ಅದನ್ನು ತೆಗೆಯದಿದ್ದರೆ ಬಿಸಿಲಿಗೆ ಹರಿದು ಚೂರಾಗುತ್ತದೆ.

ಹಂಚು ಕೊಳ್ಳುವಾಗ ಹಳೆಯ ಹಂಚಿನ ಹಿಂಬದಿಯಲ್ಲಿ ಒತ್ತಿರುವ ಕಾರ್ಖಾನೆಯ ಹೆಸರನ್ನು ಓದಿ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಲವು ಕಾರ್ಖಾನೆಗಳು ಹುಟ್ಟಿಕೊಂಡವು, ಒಂದರ ಅಚ್ಚು ಇನ್ನೊಂದಕ್ಕೆ ಸರಿಯಾಗಿ ಕೂಡುವುದಿಲ್ಲ. ಹಳೆಯ ಮನೆ ಕೆಡವುವವರ ಬಳಿ ಅದೇ ಹಂಚು ಸಿಗಬಹುದು; ಸಿಗದಿದ್ದರೆ ಒಳ್ಳೆಯ ಹಳೆಯ ಹಂಚನ್ನೆಲ್ಲ ಒಂದು ಇಳಿಜಾರಿಗೆ ಸೇರಿಸಿ, ಇನ್ನೊಂದಕ್ಕೆ ಪೂರ್ತಿ ಹೊಸದನ್ನು ಹಾಕಿಸಿ. ನೂರಕ್ಕೆ ಹತ್ತು ಹೆಚ್ಚು ತರಿಸಿಡಿ.

ಹೋಳಿ ಹುಣ್ಣಿಮೆಯಿಂದ ಏಪ್ರಿಲ್ ಮಧ್ಯದವರೆಗೆ ಈ ಕೆಲಸಕ್ಕೆ ಒಳ್ಳೆಯ ಕಾಲ. ಅನಂತರ ಅಡ್ಡಮಳೆಯ ಭಯ, ಗೌಂಡಿಯವರೂ ಸಿಗುವುದಿಲ್ಲ. ಎರಡೂ ಇಳಿಜಾರುಗಳನ್ನು ಒಂದೇ ಸಲ ಬಿಚ್ಚಿಸಬೇಡಿ. ಮೇಲೆ ಹತ್ತುವವರು ಬೆಳಗಿನ ಹೊತ್ತಿನಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇಳಿಜಾರಿನ ಮೇಲೆ ಮಲಗಿಸಿದ ಏಣಿಯ ಮೇಲೆಯೇ ಕಾಲಿಡಬೇಕು. ಒದ್ದೆ ಹಂಚಿನ ಮೇಲೆ ಯಾರೂ ಹತ್ತಬಾರದು. ನೆತ್ತಿಯ ಹಂಚುಗಳನ್ನು ಬರೀ ಸಿಮೆಂಟಿನಿಂದ ಬಿಗಿದರೆ ಬಿಸಿಲಿಗೆ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ, ಸುಣ್ಣ ಬೆರೆಸಿದ ಗಾರೆ ತುಸು ಬಳುಕುತ್ತದೆ. ಗಾರೆ ಚೆನ್ನಾಗಿ ಗಟ್ಟಿಯಾದ ಮೇಲೆ, ಕೊನೆಯ ಕಂತಿನ ಹಣ ಕೊಡುವ ಮುನ್ನ, ಮತ್ತೊಮ್ಮೆ ಸೂರಿನಿಂದ ನೆತ್ತಿಯವರೆಗೆ ಪೈಪಿನಿಂದ ನೀರು ಬಿಟ್ಟು, ಒಳಗೆ ನಿಂತು ನೋಡಿ.